ಮನೆಯಲ್ಲಿ ಉಳಿದ ಔಷಧಿಯನ್ನು ಏನು ಮಾಡಬೇಕು? ಕಾನೂನು, ಆಸ್ಪತ್ರೆಯ ಪದ್ಧತಿ ಮತ್ತು ಹಂತ ಹಂತದ ದಾರಿ

"ಡೇಟ್ ಮುಗಿದ ಮಾತ್ರೆ ಒಂದು ಕವರ್ ತುಂಬಾ ಇದೆ, ಎಲ್ಲಿ ಹಾಕಲಿ?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬರ ಮನೆಯಲ್ಲಿ ಅಪ್ಪ ತೀರಿಕೊಂಡ ಮೇಲೆ ಉಳಿದ ಮಾರ್ಫಿನ್ ಮಾತ್ರೆ. ಇನ್ನೊಬ್ಬರಲ್ಲಿ ಮಗುವಿಗೆ ಅರ್ಧ ಕುಡಿಸಿ ಬಿಟ್ಟ ಆಂಟಿಬಯೋಟಿಕ್ ಸಿರಪ್. ಮತ್ತೊಬ್ಬರಲ್ಲಿ ಡಾಕ್ಟರ್ ಬದಲಾಯಿಸಿದ ಬಿಪಿ ಮಾತ್ರೆ, ಆಸ್ಪತ್ರೆಯಿಂದ ಬರುವಾಗ ಚೀಲಕ್ಕೆ ಸೇರಿಕೊಂಡ ಇಂಜೆಕ್ಷನ್. ಸಣ್ಣ ಕ್ಲಿನಿಕ್ ನಡೆಸುವ ವೈದ್ಯರೂ, ನರ್ಸ್‌ಗಳೂ ಇದನ್ನೇ ಕೇಳುತ್ತಾರೆ.

ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಅದು ಯಾವ ಔಷಧಿ, ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಎಲ್ಲವನ್ನೂ ಒಂದೇ ಕವರ್‌ಗೆ ಸುರಿದು ಗಂಟು ಕಟ್ಟಿದರೆ ಮುಂದೆ ಯಾರಿಗೂ ಸರಿಯಾದ ದಾರಿ ಹಿಡಿಯಲು ಆಗುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ವಿಂಗಡಿಸುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಾನೂನು ಏನು ಹೇಳುತ್ತದೆ

ಆಸ್ಪತ್ರೆ, ನರ್ಸಿಂಗ್ ಹೋಮ್, ಕ್ಲಿನಿಕ್, ಲ್ಯಾಬ್, ಪಶು ಆಸ್ಪತ್ರೆ, ಆಯುಷ್ ಆಸ್ಪತ್ರೆ, ಎಲ್ಲಕ್ಕೂ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಅನ್ವಯಿಸುತ್ತವೆ. ಜೀವವೈದ್ಯಕೀಯ ತ್ಯಾಜ್ಯ ಅಂದರೆ ಚಿಕಿತ್ಸೆ, ಪರೀಕ್ಷೆ, ಲಸಿಕೆ ಕೊಡುವ ಕೆಲಸದಲ್ಲಿ ಹುಟ್ಟುವ ಕಸ. ಅವಧಿ ಮುಗಿದ ಅಥವಾ ಬೇಡವಾದ ಔಷಧಿ ಇದರಲ್ಲಿ ಹಳದಿ ವರ್ಗಕ್ಕೆ, ಅಂದರೆ ಹಳದಿ ಚೀಲಕ್ಕೆ ಹಾಕುವ ಕಸಕ್ಕೆ, ಸೇರುತ್ತದೆ. ಅದನ್ನು ತಯಾರಕರಿಗೆ ವಾಪಸ್ ಕಳಿಸಬೇಕು, ಇಲ್ಲವೇ ಇನ್ಸಿನರೇಟರ್‌ನಲ್ಲಿ, ಅಂದರೆ ಕಸವನ್ನು ಅತಿ ಹೆಚ್ಚು ಬಿಸಿಯಲ್ಲಿ ಸುಡುವ ಕುಲುಮೆಯಲ್ಲಿ, ಸುಡಬೇಕು.

ಮೆಡಿಕಲ್ ಶಾಪ್‌ಗೆ ಬೇರೆ ಕಾನೂನಿದೆ. 1945ರ ಔಷಧ ನಿಯಮಗಳ 65(17)ನೇ ನಿಯಮದ ಪ್ರಕಾರ ಅವಧಿ ಮುಗಿದ ಔಷಧಿಯನ್ನು ಮಾರುವಂತಿಲ್ಲ, ಮಾರಾಟದ ದಾಸ್ತಾನಿನಲ್ಲಿ ಇಡುವಂತೆಯೂ ಇಲ್ಲ. ಕಂಪನಿಗೆ ಹಿಂದಿರುಗಿಸುವ ತನಕ ಇಡಬೇಕಾದರೆ ಬೇರೆ ಪೆಟ್ಟಿಗೆಯಲ್ಲಿ, ಮೇಲೆ "ಮಾರಾಟಕ್ಕಲ್ಲ" ಎಂದು ಎದ್ದು ಕಾಣುವಂತೆ ಬರೆದು ಇಡಬೇಕು.

ಇನ್ನು ಮನೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮುಗಿದ ಔಷಧಿ, ಬಳಸಿದ ಸೂಜಿ, ಸಿರಿಂಜ್‌ಗಳನ್ನು "ಮನೆಯ ಅಪಾಯಕಾರಿ ತ್ಯಾಜ್ಯ" ಎಂದು ಕರೆದವು. ಅವುಗಳನ್ನು ಹಸಿ ಕಸ, ಒಣ ಕಸದ ಜೊತೆ ಬೆರೆಸದೆ ಬೇರೆಯಾಗಿ ಇಡಿ ಎಂದವು. ಪ್ರತಿ 20 ಚದರ ಕಿಲೋಮೀಟರ್‌ಗೆ ಒಂದು ಸಂಗ್ರಹ ಕೇಂದ್ರ ಇರಬೇಕು ಎಂದೂ ಹೇಳಿದವು. ಅದರ ಜಾಗಕ್ಕೆ ಬಂದ 2026ರ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾಗಿವೆ. ಇವು ಮನೆ ಕಸವನ್ನು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಎಚ್ಚರಿಕೆಯ ಕಸ ಎಂದು ನಾಲ್ಕು ಬಗೆ ಮಾಡುತ್ತವೆ. ಔಷಧಿ ಸೇರುವುದು ನಾಲ್ಕನೆಯದಕ್ಕೆ. ಬಲ್ಬ್, ಪೇಂಟ್ ಡಬ್ಬಿ, ಪಾದರಸದ ಥರ್ಮಾಮೀಟರ್ ಕೂಡ ಅಲ್ಲೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಮಾತು ಒಂದಿದೆ. ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲೇ ಮನೆಗಳ ಪ್ರಸ್ತಾಪ ಇದೆ. ಮನೆಯಲ್ಲಿ ಚಿಕಿತ್ಸೆ ನಡೆದಾಗ ಹುಟ್ಟುವ ಇಂಥ ಕಸವನ್ನು ಬೇರೆ ಚೀಲದಲ್ಲಿ ಕಸ ಸಂಗ್ರಹಿಸುವವರಿಗೆ ಕೊಡಬೇಕು. ನಗರಸಭೆ, ಪಾಲಿಕೆಗಳು ಜೀವವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಸಾಗಿಸಬೇಕು. ಅಂದರೆ ಹೊಣೆ ನಿಮ್ಮೊಬ್ಬರದೇ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, 7ನೇ ಹಂತದಲ್ಲಿ ಬೇಕಾಗುತ್ತದೆ.

ಏನೇನು ಬೇಕು

ದಪ್ಪ ಕಾಗದದ ಕವರ್ ಮೂರು ನಾಲ್ಕು, ಬಿಗಿಯಾಗಿ ಮುಚ್ಚುವ ಒಂದು ಪ್ಲಾಸ್ಟಿಕ್ ಡಬ್ಬಿ, ಗಟ್ಟಿ ಗೋಡೆಯ ಇನ್ನೊಂದು ಡಬ್ಬಿ (ಫಿನಾಯಿಲ್ ಅಥವಾ ಬಟ್ಟೆ ತೊಳೆಯುವ ಲಿಕ್ವಿಡ್‌ದು ಸಾಕು), ಕಪ್ಪು ಮಾರ್ಕರ್ ಪೆನ್, ಕೈಗವಸು, ಟೇಪ್. ಮಕ್ಕಳು ಮಲಗಿದ ಮೇಲೆ ಕೂತು ಮಾಡಿ.

1. ಎಲ್ಲವನ್ನೂ ಹೊರಗೆ ತೆಗೆಯಿರಿ, ದಿನಾಂಕ ನೋಡಿ

ಫ್ರಿಜ್ ಬಾಗಿಲು, ದೇವರ ಕೋಣೆಯ ಕಪಾಟು, ಹ್ಯಾಂಡ್‌ಬ್ಯಾಗ್, ಕಾರಿನ ಡ್ಯಾಶ್‌ಬೋರ್ಡ್, ಅಜ್ಜಿಯ ದಿಂಬಿನ ಕೆಳಗಿನ ಪರ್ಸ್, ಎಲ್ಲ ಕಡೆ ಹುಡುಕಿ ಒಂದು ಟೇಬಲ್ ಮೇಲೆ ಹರಡಿ.

ಈಗ ಒಂದೊಂದೇ ಸ್ಟ್ರಿಪ್ ಕೈಗೆತ್ತಿಕೊಳ್ಳಿ. ದಿನಾಂಕವನ್ನು ಹಲವು ಸಲ ಬಣ್ಣದಲ್ಲಿ ಮುದ್ರಿಸದೆ ಅಂಚಿನಲ್ಲಿ ಒತ್ತಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಉಬ್ಬು ಅಕ್ಷರ ಕಾಣಿಸುತ್ತದೆ. 08/2026 ಎಂದಿದ್ದರೆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಎಂದು ಅರ್ಥ.

ತೊಂದರೆ ಬರುವುದು ಕತ್ತರಿಸಿದ ಸ್ಟ್ರಿಪ್‌ಗಳಲ್ಲಿ. ನೀವು ನಾಲ್ಕು ಮಾತ್ರೆ ಕೇಳುತ್ತೀರಿ, ಅಂಗಡಿಯವರು ಕತ್ತರಿಯಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರು, ದಿನಾಂಕ ಇರುವ ತುದಿ ಅವರ ಹತ್ತಿರವೇ ಉಳಿಯುತ್ತದೆ. ನಿಮ್ಮ ಕೈಯಲ್ಲಿ ಹೆಸರಿನ ಅರ್ಧ ಅಕ್ಷರ, ನಾಲ್ಕು ಬಿಳಿ ಮಾತ್ರೆ. ಅದು ಯಾವುದೆಂದು ಊಹಿಸಲು ಹೋಗಬೇಡಿ. ಹೆಸರು ಅಥವಾ ದಿನಾಂಕ ಓದಲಾಗದ ಯಾವ ಔಷಧಿಯೂ ಬೇಡದ ಔಷಧಿಯೇ. ಇನ್ನು ಮುಂದೆ ಬಿಡಿ ಮಾತ್ರೆ ಕೊಳ್ಳುವಾಗ ದಿನಾಂಕ ಇರುವ ತುದಿಯನ್ನೇ ಕೇಳಿ ಪಡೆಯಿರಿ.

ಕೆಲವು ಔಷಧಿ ಅಚ್ಚಾದ ದಿನಾಂಕಕ್ಕಿಂತ ಮೊದಲೇ ಮುಗಿಯುತ್ತವೆ. ಕಣ್ಣಿನ ಡ್ರಾಪ್ಸ್ ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು ಅಷ್ಟೇ. ನೀರು ಬೆರೆಸಿ ಕಲಸುವ ಪುಡಿ ಸಿರಪ್ ಕಲಸಿದ ಮೇಲೆ ಕೆಲವೇ ದಿನ ಬರುತ್ತದೆ, ಲೇಬಲ್ ನೋಡಿ. ಬಳಕೆಗೆ ತೆಗೆದ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ 28 ದಿನ.

2. ಗುಂಪು ಮಾಡಿ

ಇಲ್ಲಿ ಅವಸರ ಬೇಡ. ಮುಂದಿನದ್ದೆಲ್ಲಾ ಇದರ ಮೇಲೇ ನಿಂತಿದೆ.

ಮೊದಲ ಗುಂಪು ಮಾಮೂಲಿ ಔಷಧಿ. ಜ್ವರ, ಗ್ಯಾಸ್, ಬಿಪಿ, ಶುಗರ್, ಕೊಲೆಸ್ಟ್ರಾಲ್, ವಿಟಮಿನ್, ಅಲರ್ಜಿ ಮಾತ್ರೆಗಳು, ಸಿರಪ್, ಮುಲಾಮು.

ಎರಡನೆಯದು ಆಂಟಿಬಯೋಟಿಕ್‌ಗಳು. ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸೈಮ್ ಥರದವು. ಮಣ್ಣಿಗೆ, ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿದರೂ ಅಲ್ಲಿನ ಬ್ಯಾಕ್ಟೀರಿಯಾ ಆ ಔಷಧಿಗೆ ಜಗ್ಗದಂತೆ ಬೆಳೆಯಲು ದಾರಿಯಾಗುತ್ತದೆ. ಇವು ಸಿಂಕಿಗೂ ಬೇಡ, ಗಿಡದ ಬುಡಕ್ಕೂ ಬೇಡ.

ಮೂರನೆಯದು ನೋವು ಮತ್ತು ನಿದ್ರೆಯ ಬಲವಾದ ಔಷಧಿಗಳು. ಮಾರ್ಫಿನ್, ಫೆಂಟನಿಲ್ ಪ್ಯಾಚ್ (ಮೈಗೆ ಅಂಟಿಸುವ ನೋವಿನ ಪಟ್ಟಿ), ಬ್ಯುಪ್ರೆನಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್. ಇವುಗಳನ್ನು ತಕ್ಷಣ ಬೀಗದೊಳಗೆ ಇಡಿ. ಬೇರೆಯವರ ಬಾಯಿಗೆ, ಅದರಲ್ಲೂ ಮಗುವಿನ ಬಾಯಿಗೆ ಹೋದರೆ ಒಂದೇ ಡೋಸ್‌ನಿಂದ ಪ್ರಾಣ ಹೋಗಬಹುದಾದ ಔಷಧಿಗಳು ಈ ಗುಂಪಿನಲ್ಲಿವೆ.

ನಾಲ್ಕನೆಯದು ಸೈಟೊಟಾಕ್ಸಿಕ್ ಔಷಧಿ, ಅಂದರೆ ಜೀವಕೋಶವನ್ನೇ ಕೊಲ್ಲುವಂಥವು. ಕ್ಯಾನ್ಸರ್‌ನ ಕೀಮೋ ಮಾತ್ರೆ ಇದರಲ್ಲಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಕೀಲುನೋವಿಗೆ, ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಕೂಡ ಇದೇ ಜಾತಿ. ನಮ್ಮ ಎಷ್ಟೋ ಮನೆಗಳಲ್ಲಿ ಅದು ಬಿಪಿ ಮಾತ್ರೆಯ ಪಕ್ಕದಲ್ಲೇ ಬಿದ್ದಿರುತ್ತದೆ. ಇಂಥ ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಬೇಡಿ, ಮುರಿಯಬೇಡಿ. ಗರ್ಭಿಣಿಯರು ಮುಟ್ಟಲೇಬಾರದು. ಕೈಗವಸು ಹಾಕಿಕೊಂಡು, ಇದ್ದ ಹಾಗೇ ಒಂದು ಕವರ್‌ಗೆ ಹಾಕಿ ಮೇಲೆ ಹೆಸರು ಬರೆಯಿರಿ.

ಐದನೆಯದು ಚುಚ್ಚುವ ಮತ್ತು ಸಿಡಿಯುವ ವಸ್ತುಗಳು. ಸೂಜಿ, ಇನ್ಸುಲಿನ್ ಪೆನ್, ಲ್ಯಾನ್ಸೆಟ್ (ಶುಗರ್ ನೋಡಲು ಬೆರಳಿಗೆ ಚುಚ್ಚುವ ಮೊನೆ), ಆಂಪೂಲ್ (ಕತ್ತು ಮುರಿದು ತೆರೆಯುವ ಇಂಜೆಕ್ಷನ್‌ನ ಚಿಕ್ಕ ಗಾಜಿನ ಬಾಟಲಿ), ಇನ್ಹೇಲರ್.

ಆಯುರ್ವೇದದ ಭಸ್ಮ, ರಸೌಷಧಿ ಇದ್ದರೆ ಅದನ್ನು "ನೈಸರ್ಗಿಕ" ಎಂದು ತೋಟಕ್ಕೆ ಸುರಿಯಬೇಡಿ. ಅವುಗಳಲ್ಲಿ ಪಾದರಸ, ಸೀಸದಂಥ ಲೋಹ ಇರಬಹುದು. ಬೇರೆ ಕವರ್‌ಗೆ ಹಾಕಿ ಹೆಸರು ಬರೆದಿಡಿ, ಕೊಡುವಾಗ ಅದರಲ್ಲಿ ಲೋಹ ಇರಬಹುದೆಂದು ಹೇಳಿ.

3. ಇನ್ನೂ ಚೆನ್ನಾಗಿದ್ದರೆ ಹಿಂದಿರುಗಿಸಲು ಆಗುತ್ತದಾ ನೋಡಿ

ಕಸವಾಗುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಒಳ್ಳೆಯದು ಅಲ್ವಾ? ಅದಕ್ಕೆ ಸರಿಯಾದ ಸಮಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ. ಒಳರೋಗಿಗೆಂದು ತರಿಸಿ ಬಳಸದ ಇಂಜೆಕ್ಷನ್, ಸಲೈನ್, ಸಿರಿಂಜ್‌ಗಳನ್ನು ಅನೇಕ ಆಸ್ಪತ್ರೆಗಳ ಫಾರ್ಮಸಿ ವಾಪಸ್ ಪಡೆದು ಬಿಲ್‌ನಲ್ಲಿ ಕಳೆಯುತ್ತದೆ. ಕೊನೆಯ ಬಿಲ್ ಆಗುವ ಮುನ್ನವೇ ವಾರ್ಡಿನ ನರ್ಸ್‌ಗೆ ಹೇಳಿ, ಉಳಿದದ್ದನ್ನು ಎಣಿಸಿ ಬರೆಸಿ. ಬಿಲ್ ಆದ ಮೇಲೆ ಕೇಳಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಫ್ರಿಜ್‌ನಲ್ಲಿ ಇಡಬೇಕಾದ ಔಷಧಿ, ಸೀಲ್ ತೆರೆದದ್ದು, ಕತ್ತರಿಸಿದ ಸ್ಟ್ರಿಪ್ ವಾಪಸ್ ಆಗುವುದಿಲ್ಲ. ಅದು ಸರಿಯೇ. ಹೊರಗೆ ಹೋದ ಇನ್ಸುಲಿನ್ ಎಷ್ಟು ಹೊತ್ತು ಬಿಸಿಲಲ್ಲಿ ಇತ್ತೆಂದು ಯಾರಿಗೂ ಗೊತ್ತಿರುವುದಿಲ್ಲ.

ಕ್ಷಯದ ಮಾತ್ರೆ, ಎಚ್‌ಐವಿ ಔಷಧಿಗಳಂತೆ ಸರ್ಕಾರದಿಂದ ಉಚಿತವಾಗಿ ಬಂದದ್ದು ಉಳಿದಿದ್ದರೆ ಕೊಟ್ಟ ಕೇಂದ್ರಕ್ಕೇ ಒಯ್ಯಿರಿ. ಆಶಾ ಕಾರ್ಯಕರ್ತೆಯ ಕೈಗೂ ಕೊಡಬಹುದು.

"ಬಡವರಿಗೆ ಕೊಟ್ಟರೆ ಆಗದಾ?" ಎಂದು ತುಂಬಾ ಜನ ಕೇಳುತ್ತಾರೆ. ಮನಸ್ಸು ಒಳ್ಳೆಯದು, ಆದರೆ ಹುಷಾರು. ಔಷಧ ದಾನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಬ್ಬ ರೋಗಿಯ ಕೈಗೆ ಹೋಗಿ ಮರಳಿ ಬಂದ ಔಷಧಿಯನ್ನು ದಾನ ಮಾಡಬಾರದು. ನಿಮ್ಮ ಊರಿನ ಯಾವುದೋ ಧರ್ಮಾರ್ಥ ಆಸ್ಪತ್ರೆ ತಾನಾಗಿಯೇ ಸ್ವೀಕರಿಸುತ್ತದೆ ಎಂದರೆ, ಅಲ್ಲಿನ ಫಾರ್ಮಸಿಸ್ಟ್ ಕೈಗೆ, ಪೂರ್ತಿ ಸ್ಟ್ರಿಪ್, ದಿನಾಂಕ ಓದಲು ಬರುವಂಥದ್ದನ್ನು ಮಾತ್ರ ಕೊಡಿ. ಮನೆಗೆಲಸದವರಿಗೆ, ವಾಚ್‌ಮನ್‌ಗೆ "ಇದು ಮಂಡಿನೋವಿಗೆ" ಎಂದು ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಅವರಿಗೆ ಕಿಡ್ನಿ ತೊಂದರೆ ಇದೆಯೋ, ಅವರು ಬೇರೆ ಏನು ಮಾತ್ರೆ ನುಂಗುತ್ತಿದ್ದಾರೋ ನಿಮಗೆ ಗೊತ್ತಿಲ್ಲ.

ದನಕರುಗಳಿಗೂ ಕೊಡಬೇಡಿ. ನೋವಿನ ಔಷಧಿ ಡೈಕ್ಲೊಫೆನಾಕ್ ಕೊಟ್ಟ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು, ದೇಶದ ತುಂಬಾ ಅವುಗಳ ಸಂತತಿಯೇ ಕುಸಿಯಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ಇಂಜೆಕ್ಷನ್ ದೊಡ್ಡ ಬಾಟಲಿಯಲ್ಲಿ ಸಿಕ್ಕಿ ಕೊಟ್ಟಿಗೆ ಸೇರುತ್ತಿತ್ತು, ಹಾಗಾಗಿ 2015ರಲ್ಲಿ ಅದನ್ನೂ 3 ಎಂಎಲ್‌ನ ಒಂದೇ ಡೋಸಿಗೆ ಇಳಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳಿಗಾಗಿಯಾದರೂ ಮನೆಯ ನೋವಿನ ಇಂಜೆಕ್ಷನ್ ಕೊಟ್ಟಿಗೆಗೆ ಹೋಗಬಾರದು.

4. ಸರಿಯಾದ ಕೈಗೆ ಒಪ್ಪಿಸಿ

ಕ್ರಮ ಹೀಗಿರಲಿ.

ಮೊದಲು ಔಷಧಿ ಕೊಟ್ಟ ಆಸ್ಪತ್ರೆಯನ್ನು ಕೇಳಿ. ನಾಲ್ಕನೇ ಗುಂಪಿಗೆ, ಅಂದರೆ ಕೀಮೋ ಮತ್ತು ಮೆಥೊಟ್ರೆಕ್ಸೇಟ್‌ಗೆ, ಇದೊಂದೇ ಸರಿಯಾದ ದಾರಿ. ಆಸ್ಪತ್ರೆ ಅದನ್ನು 1200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಸುಡಲು ಕಳಿಸಬೇಕು ಎಂದು ನಿಯಮವೇ ಇದೆ. ಮುಂದಿನ ಸಲ ಚೆಕಪ್‌ಗೆ ಹೋಗುವಾಗ ಒಯ್ದು ಆಂಕಾಲಜಿ, ಅಂದರೆ ಕ್ಯಾನ್ಸರ್ ವಿಭಾಗದ, ಫಾರ್ಮಸಿಯಲ್ಲಿ ಕೊಡಿ. ಮಾರ್ಫಿನ್, ಫೆಂಟನಿಲ್ ಪ್ಯಾಚ್ ಉಳಿದಿದ್ದರೆ ಅದನ್ನು ಕೊಟ್ಟ ಪ್ಯಾಲಿಯೇಟಿವ್ ಕೇರ್ ಘಟಕಕ್ಕೆ, ಅಂದರೆ ನೋವು ಶಮನ ಮಾಡುವ ವಿಭಾಗಕ್ಕೆ, ಫೋನ್ ಮಾಡಿ. ಇಂಥ ಘಟಕಗಳು ಪ್ರತಿ ಮಾತ್ರೆಗೂ ಲೆಕ್ಕ ಇಡಬೇಕು, ಹಾಗಾಗಿ ಉಳಿದದ್ದನ್ನು ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಯ್ಯುವಾಗ ಡಾಕ್ಟರ್ ಚೀಟಿ ಜೊತೆಗಿರಲಿ, ಕೊಟ್ಟ ಸಂಖ್ಯೆಯನ್ನು ಬರೆಸಿಕೊಳ್ಳಿ. ಅದನ್ನು ಇನ್ನೊಬ್ಬರ ನೋವಿಗೆಂದು ಕೊಡುವುದು 1985ರ ಮಾದಕವಸ್ತು ಕಾಯ್ದೆಯ ಅಡಿ ಅಪರಾಧವಾಗಬಹುದು. ದುಃಖದಲ್ಲಿರುವ ಕುಟುಂಬಕ್ಕೆ ಈ ತೊಡಕು ಬೇಡ.

ನಂತರ ನಿಮ್ಮ ಮಾಮೂಲಿ ಮೆಡಿಕಲ್ ಶಾಪ್. ಮನೆಯಿಂದ ತಂದ ಹಳೇ ಔಷಧಿಯನ್ನು ಅವರು ಪಡೆಯಲೇಬೇಕು ಎಂಬ ಕಾನೂನಿಲ್ಲ. ಜಗಳ ಮಾಡಬೇಡಿ. ಸಂಗ್ರಹ ಡಬ್ಬಿ ಇಟ್ಟಿದ್ದರೆ ಖುಷಿಯಿಂದ ಹಾಕಿ ಬನ್ನಿ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ, 2025ರ ಮೇ ತಿಂಗಳಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಮತ್ತು ಔಷಧ ವ್ಯಾಪಾರಿಗಳ ಸಂಘಗಳು ಸೇರಿ ಹಿಂಪಡೆಯುವ ಕೇಂದ್ರಗಳನ್ನು ತೆರೆಯಬೇಕು ಎನ್ನುವುದು ಅದರ ಸಲಹೆ. ಪಕ್ಕದ ಕೇರಳ ಅದೇ ವರ್ಷ ಎನ್‌ಪ್ರೌಡ್ ಎಂಬ ಕಾರ್ಯಕ್ರಮವನ್ನು ಕೋಳಿಕೋಡ್ ನಗರ ಮತ್ತು ಉಳ್ಳ್ಯೇರಿ ಪಂಚಾಯಿತಿಯಲ್ಲಿ ಶುರು ಮಾಡಿತು. ಅಲ್ಲಿ ನೀಲಿ ಡಬ್ಬಿಗಳಲ್ಲಿ ಸಂಗ್ರಹಿಸಿದ ಔಷಧಿ ಎರ್ನಾಕುಲಂನ ಸಂಸ್ಕರಣಾ ಘಟಕಕ್ಕೆ ಹೋಗಿ ಸುಟ್ಟುಹೋಗುತ್ತದೆ. ಒಂದು ಹಳ್ಳಿ ಪಂಚಾಯಿತಿಯಲ್ಲಿ ಆಗುವುದು ನಮ್ಮಲ್ಲೂ ಆಗಬೇಕು.

ಕೊನೆಗೆ ಕಸದ ಗಾಡಿ. ಔಷಧಿಯನ್ನು ಬೇರೆ ಕವರ್‌ನಲ್ಲಿ ಹಾಕಿ, "ಔಷಧಿ, ಅಪಾಯಕಾರಿ" ಎಂದು ದೊಡ್ಡದಾಗಿ ಬರೆದು, ಪೌರಕಾರ್ಮಿಕರ ಕೈಗೆ ಕೊಟ್ಟು ಬಾಯಲ್ಲೂ ಹೇಳಿ. ಸುಮ್ನೆ ಗಾಡಿಯೊಳಗೆ ಎಸೆಯಬೇಡಿ.

ಒಂದು ಮಾತು ಮುಖ್ಯ. ಆಸ್ಪತ್ರೆಗೋ, ಸಂಗ್ರಹ ಡಬ್ಬಿಗೋ ಕೊಡುವಾಗ ಮಾತ್ರೆ ಸ್ಟ್ರಿಪ್‌ನಲ್ಲೇ, ಸಿರಪ್ ಬಾಟಲಿಯಲ್ಲೇ ಇರಲಿ. ಅದು ಏನೆಂದು ಅವರಿಗೆ ತಿಳಿಯಬೇಕು.

5. ಬೇರೆ ಯಾವ ದಾರಿಯೂ ಇಲ್ಲದಿದ್ದರೆ

ಮೇಲಿನ ಯಾವುದೂ ಸಿಗದ ಊರಿನಲ್ಲಿ, ಮೊದಲ ಎರಡು ಗುಂಪುಗಳಿಗೆ ಮಾತ್ರ ಇದು.

ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಮುಚ್ಚಳದ ಡಬ್ಬಿಗೆ ಹಾಕಿ. ಪುಡಿ ಮಾಡಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಅದರ ಮೇಲೆ ಫಿಲ್ಟರ್ ಕಾಫಿಯ ಒದ್ದೆ ಚರಟ, ಮಣ್ಣು ಅಥವಾ ಬೂದಿ ಸುರಿದು ಕಲಸಿ. ಸಿರಪ್ ಆದರೆ ಅದು ಪೂರ್ತಿ ಹೀರಿಕೊಳ್ಳುವಷ್ಟು ಒಣ ಮಣ್ಣು ಬೇಕು. ನೋಡಿದರೆ ಯಾರಿಗೂ ಎತ್ತಿ ತಿನ್ನಬೇಕು, ಮಾರಬೇಕು ಅನ್ನಿಸಬಾರದು, ಅಷ್ಟೇ ಉದ್ದೇಶ. ಮುಚ್ಚಳ ಹಾಕಿ ಟೇಪ್ ಸುತ್ತಿ. ಬಾಟಲಿಯ ಲೇಬಲ್ ಮೇಲೆ, ಡಾಕ್ಟರ್ ಚೀಟಿಯ ಮೇಲೆ ಇರುವ ರೋಗಿಯ ಹೆಸರು, ಫೋನ್ ನಂಬರನ್ನು ಮಾರ್ಕರ್‌ನಿಂದ ಅಳಿಸಿ.

ಇನ್ನು ಈ ಡಬ್ಬಿ ಯಾವ ಬುಟ್ಟಿಗೆ? ಇಲ್ಲೇ ಹೆಚ್ಚು ಜನ ಎಡವುವುದು. ಕಾಫಿ ಚರಟ ಇದೆಯಲ್ಲ ಎಂದು ಹಸಿ ಕಸಕ್ಕೆ ಹಾಕುತ್ತಾರೆ. ಹಸಿ ಕಸ ಗೊಬ್ಬರವಾಗುತ್ತದೆ, ಗೊಬ್ಬರ ಹೊಲಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಎಂದು ಒಣ ಕಸಕ್ಕೂ ಹಾಕಬೇಡಿ. ಒಣ ಕಸ ಕೇಂದ್ರದಲ್ಲಿ ಹೆಣ್ಣುಮಕ್ಕಳು ಬರಿಗೈಲಿ ಅದನ್ನು ಬಿಚ್ಚುತ್ತಾರೆ. ನಿಮ್ಮ ಊರಿನಲ್ಲಿ ವಿಶೇಷ ಎಚ್ಚರಿಕೆಯ ಕಸಕ್ಕೆ ಬೇರೆ ಸಂಗ್ರಹ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ರಿಜೆಕ್ಟ್ ಕಸಕ್ಕೆ, ಅಂದರೆ ಗೊಬ್ಬರಕ್ಕೂ ಮರುಬಳಕೆಗೂ ಬಾರದ ಕಸಕ್ಕೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿದಾಗ ಬಂದ ಕೆಂಪು ಬುಟ್ಟಿ ಅದೇ. ಮಾತ್ರೆ ಬಿಡಿಸಿದ ಖಾಲಿ ಸ್ಟ್ರಿಪ್, ಬಾಟಲಿಯ ರಟ್ಟಿನ ಪೆಟ್ಟಿಗೆ ಮಾತ್ರ ಒಣ ಕಸಕ್ಕೆ ಹೋಗಬಹುದು. ಪೆಟ್ಟಿಗೆಯನ್ನು ಹರಿದು ಹಾಕಿ. ಹಳೇ ಪೆಟ್ಟಿಗೆಗೆ ನಕಲಿ ಮಾತ್ರೆ ತುಂಬುವವರ ಕೈಗೆ ಅದು ಇಡಿಯಾಗಿ ಸಿಗಬಾರದು.

ಹಿತ್ತಲಲ್ಲಿ ಸುಡುವುದು ಬೇಡವೇ ಬೇಡ. ಸ್ಟ್ರಿಪ್‌ನ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಿವಿಸಿ. ಕಡಿಮೆ ಬಿಸಿಯಲ್ಲಿ ಉರಿದರೆ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ಆಸ್ಪತ್ರೆ ಕಸ ಸುಡುವ ಇನ್ಸಿನರೇಟರ್‌ಗೆ ಎರಡು ಕೋಣೆಗಳಿರುತ್ತವೆ. ಮೊದಲನೆಯದು ಕನಿಷ್ಠ 800 ಡಿಗ್ರಿ, ಎರಡನೆಯದು 1050 ಡಿಗ್ರಿ ಆಸುಪಾಸು. ಹೊಗೆ ಎರಡನೇ ಕೋಣೆಯಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಎಲೆ ಕಸಕ್ಕೆ ಹಚ್ಚಿದ ಬೆಂಕಿಯಲ್ಲಿ ಇದ್ಯಾವುದೂ ಸಾಧ್ಯವಿಲ್ಲ. ಬಾವಿ ಇರುವ ಹಿತ್ತಲಲ್ಲಿ ಹೂಳುವುದೂ ಅಷ್ಟೇ ಕೆಟ್ಟದ್ದು.

6. ಟಾಯ್ಲೆಟ್‌ಗೆ ಫ್ಲಶ್ ಮಾಡಬಹುದೇ?

ಸಾಮಾನ್ಯ ಔಷಧಿಗೆ ಇಲ್ಲ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ಔಷಧಿಯ ಅಂಶವನ್ನು ಪೂರ್ತಿ ತೆಗೆಯುವುದಿಲ್ಲ. ಸಿಂಕಿಗೆ ಸುರಿದದ್ದು ಕೆರೆಗೆ, ಹೊಳೆಗೆ ಸೇರುತ್ತದೆ.

ಆದರೆ ಸಿಡಿಎಸ್‌ಸಿಒ ಮಾರ್ಗಸೂಚಿ 17 ಔಷಧಿಗಳ ಪಟ್ಟಿ ಕೊಟ್ಟು, ಇವನ್ನು ಫ್ಲಶ್ ಮಾಡಿ ಎಂದಿದೆ. ಫೆಂಟನಿಲ್, ಮಾರ್ಫಿನ್, ಬ್ಯುಪ್ರೆನಾರ್ಫಿನ್, ಮೆಥಡೋನ್, ಆಕ್ಸಿಕೊಡೋನ್, ಟಪೆಂಟಡಾಲ್, ಟ್ರಮಡಾಲ್, ಡಯಾಜೆಪಾಮ್, ಮಿಥೈಲ್‌ಫೆನಿಡೇಟ್ ಮುಂತಾದವು ಅದರಲ್ಲಿವೆ. ನಮ್ಮ ಮೂರನೇ ಗುಂಪು ಇದೇ. ಕಾರಣ ಇಷ್ಟೇ: ಇವು ಮನೆಯಲ್ಲಿ ಇದ್ದಷ್ಟು ದಿನ ಇನ್ನೊಬ್ಬರ ಪ್ರಾಣಕ್ಕೆ ಅಪಾಯ. ನೀರಿಗೆ ಆಗುವ ಹಾನಿಗಿಂತ ಅದು ದೊಡ್ಡದು ಎಂಬ ಲೆಕ್ಕಾಚಾರ.

ನನ್ನ ಸಲಹೆ, ಆಸ್ಪತ್ರೆಗೆ ಹಿಂದಿರುಗಿಸಲು ಸಾಧ್ಯವಿದ್ದರೆ ಅದೇ ಮೊದಲು. ಆಗದಿದ್ದರೆ, ಮನೆಯಲ್ಲಿ ಮಕ್ಕಳೋ, ವ್ಯಸನದ ಸಮಸ್ಯೆ ಇರುವವರೋ ಇದ್ದರೆ ತಡಮಾಡದೆ ಫ್ಲಶ್ ಮಾಡಿ. ಇಂಗುಗುಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ ಇರುವ ಮನೆಯವರು ಹಿಂದಿರುಗಿಸುವ ದಾರಿಯನ್ನು ಇನ್ನಷ್ಟು ಗಟ್ಟಿಯಾಗಿ ಪ್ರಯತ್ನಿಸಿ.

ಫೆಂಟನಿಲ್ ಪ್ಯಾಚ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಮೂರು ದಿನ ಮೈಮೇಲಿದ್ದು ತೆಗೆದ ಪ್ಯಾಚ್‌ನಲ್ಲೂ ಸಾಕಷ್ಟು ಔಷಧಿ ಉಳಿದಿರುತ್ತದೆ. ಅಂಟು ಇರುವ ಬದಿ ಒಳಗೆ ಬರುವಂತೆ ಮಡಚಿ ಒತ್ತಿ, ಆಮೇಲೆ ವಿಲೇವಾರಿ ಮಾಡಿ, ಕೈ ತೊಳೆಯಿರಿ. ನೆಲಕ್ಕೆ ಬಿದ್ದ ಪ್ಯಾಚ್ ತೆವಳುವ ಮಗುವಿನ ಕೈಗೆ ಅಂಟಿದರೆ ಅಪಾಯ. ಯಾರಾದರೂ ತಪ್ಪಿ ಇಂಥದ್ದನ್ನು ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಸ್ಟ್ರಿಪ್ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ.

ಸೂಜಿ, ಇನ್ಹೇಲರ್

ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗಲೇ ಜಾಸ್ತಿ ಜನರಿಗೆ ಚುಚ್ಚುವುದು. ಬಳಸಿದ ತಕ್ಷಣ ಗಟ್ಟಿ ಡಬ್ಬಿಗೆ ಹಾಕಿ. ಮುಕ್ಕಾಲು ತುಂಬಿದಾಗ ಟೇಪ್ ಸುತ್ತಿ, "ಸೂಜಿ" ಎಂದು ಬರೆದು ಹತ್ತಿರದ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಕೊಡಿ. ಇನ್ಹೇಲರ್‌ನಲ್ಲಿ ಒತ್ತಡದ ಅನಿಲ ಇರುತ್ತದೆ, ಖಾಲಿ ಅನ್ನಿಸಿದರೂ ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ. ಔಷಧಿಯ ಕವರ್‌ನಲ್ಲಿ ಪಾದರಸದ ಥರ್ಮಾಮೀಟರ್ ಸೇರಿಸಬೇಡಿ, ಸುಡುವ ಜಾಗಕ್ಕೆ ಪಾದರಸ ಹೋಗಬಾರದು.

ಆಸ್ಪತ್ರೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ

ಚೆನ್ನಾಗಿ ನಡೆಯುವ ಆಸ್ಪತ್ರೆಯ ಫಾರ್ಮಸಿಯಲ್ಲಿ ಮೊದಲು ಅವಧಿ ಮುಗಿಯುವುದನ್ನು ಮೊದಲು ಹೊರಗೆ ಕೊಡುತ್ತಾರೆ. ಪ್ರತಿ ತಿಂಗಳೂ ಕಪಾಟು, ವಾರ್ಡ್, ತುರ್ತು ಟ್ರಾಲಿ ಎಲ್ಲವನ್ನೂ ನೋಡಿ, ಅವಧಿ ಹತ್ತಿರ ಬಂದವನ್ನು ಪಟ್ಟಿ ಮಾಡಿ ವಿತರಕರಿಗೆ ಮೊದಲೇ ವಾಪಸ್ ಕಳಿಸುತ್ತಾರೆ. ಮುಗಿದೇ ಹೋದದ್ದು ಬೀಗದ ಕಪಾಟಿಗೆ. ಅಲ್ಲಿಂದ ಕಂಪನಿಗೆ ಅಥವಾ ಹಳದಿ ಚೀಲಕ್ಕೆ.

ವಾರ್ಡ್‌ನಲ್ಲಿ ಗೊಂದಲ ಆಗುವುದು ಬಾಟಲಿಗಳಲ್ಲಿ. ಪೂರ್ತಿ ಖಾಲಿಯಾದ ಗಾಜಿನ ವಯಲ್ (ರಬ್ಬರ್ ಮುಚ್ಚಳದ ಇಂಜೆಕ್ಷನ್ ಬಾಟಲಿ), ಆಂಪೂಲ್ ನೀಲಿ ಗುರುತಿನ, ಚುಚ್ಚಿದರೂ ತೂತಾಗದ ಡಬ್ಬಿಗೆ. ಅದರಲ್ಲಿ ಆಂಟಿಬಯೋಟಿಕ್ ಉಳಿದಿದ್ದರೆ ಹಳದಿಗೆ. ಕೀಮೋ ಔಷಧಿಯ ವಯಲ್ ಖಾಲಿಯಾಗಿದ್ದರೂ ನೀಲಿಗೆ ಹೋಗುವಂತಿಲ್ಲ. ಅದು, ಅದಕ್ಕೆ ಬಳಸಿದ ಸಿರಿಂಜ್, ಕೈಗವಸು ಎಲ್ಲವೂ ಸೈಟೊಟಾಕ್ಸಿಕ್ ಗುರುತು ಹಚ್ಚಿದ ಬೇರೆ ಹಳದಿ ಚೀಲಕ್ಕೆ. ಸೂಜಿ ಬಿಳಿ ಡಬ್ಬಿಗೆ, ಸಲೈನ್ ಬಾಟಲಿ ಮತ್ತು ಕೊಳವೆ ಕೆಂಪಿಗೆ. ಉಳಿದ ಬರೀ ಸಲೈನ್, ಗ್ಲೂಕೋಸನ್ನು ಚರಂಡಿಗೆ ಬಿಟ್ಟರೆ ದೊಡ್ಡ ತೊಂದರೆ ಇಲ್ಲ, ಅದರಲ್ಲಿ ಬೇರೆ ಔಷಧಿ ಬೆರೆಸಿರಬಾರದು ಅಷ್ಟೇ. ಚೀಲಗಳಿಗೆ ಬಾರ್‌ಕೋಡ್ ಹಚ್ಚಿ ಸಂಸ್ಕರಣಾ ಘಟಕದ ಗಾಡಿಗೆ ಒಪ್ಪಿಸುತ್ತಾರೆ. 75 ಕಿಲೋಮೀಟರ್ ಒಳಗೆ ಅಂಥ ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಇನ್ಸಿನರೇಟರ್ ಕಟ್ಟುವಂತಿಲ್ಲ.

ಮಾರ್ಫಿನ್, ಫೆಂಟನಿಲ್ ಇಂಜೆಕ್ಷನ್‌ಗೆ ಎರಡು ಬೀಗ, ಬೇರೆ ರಿಜಿಸ್ಟರ್. ಅರ್ಧ ಆಂಪೂಲ್ ಬಳಸಿ ಅರ್ಧ ಉಳಿದರೆ ಇನ್ನೊಬ್ಬರ ಎದುರಿಗೇ ಚೆಲ್ಲಿ ಇಬ್ಬರೂ ಸಹಿ ಹಾಕುತ್ತಾರೆ. ಖಾಲಿ ಆಂಪೂಲ್ ಫಾರ್ಮಸಿಗೆ ವಾಪಸ್ ಕೊಟ್ಟರೇ ಹೊಸದು.

ಸಣ್ಣ ಕ್ಲಿನಿಕ್ ನಡೆಸುವವರಿಗೆ

ಹಾಸಿಗೆ ಇಲ್ಲ ಎಂದ ಮಾತ್ರಕ್ಕೆ ನಿಮಗೆ ವಿನಾಯಿತಿ ಇಲ್ಲ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಬೇಕು. ಹಾಸಿಗೆ ಇಲ್ಲದವರಿಗೆ ಅದು ಒಂದೇ ಸಲದ್ದು. ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಇರಲಿ, ದಾಖಲೆಗಳನ್ನು 5 ವರ್ಷ ಇಡಿ, ವಾರ್ಷಿಕ ವರದಿಯನ್ನು ಜೂನ್ 30ರ ಒಳಗೆ ಕೊಡಿ.

ನೀವು ಮರೆಯುವುದು ಸ್ಯಾಂಪಲ್ ಡ್ರಾಯರ್. ಕಂಪನಿ ಪ್ರತಿನಿಧಿಗಳು ಕೊಟ್ಟು ಹೋದ ಸ್ಯಾಂಪಲ್‌ಗಳು ಅಲ್ಲೇ ಅವಧಿ ಮುಗಿಸುತ್ತವೆ. ಅವೂ ಹಳದಿ ವರ್ಗವೇ. ಆಯಾಳ ಕೈಗೆ ಕೊಟ್ಟು ಬೀದಿ ತೊಟ್ಟಿಗೆ ಹಾಕಿಸಿದರೆ ಹೊಣೆ ನಿಮ್ಮದೇ. 2024ರ ಏಪ್ರಿಲ್‌ನಿಂದ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಜೈಲಿನ ಬದಲು ದಂಡ ಬಂದಿದೆ, ಆದರೆ ಅದು 10,000 ರೂಪಾಯಿಯಿಂದ 15 ಲಕ್ಷದವರೆಗೆ ಹೋಗಬಹುದು. ಸಾಧ್ಯವಾದರೆ ನಿಮ್ಮ ಖಾಯಂ ರೋಗಿಗಳ ಹಳೇ ಔಷಧಿ, ಸೂಜಿ ಡಬ್ಬಿಗಳನ್ನೂ ಸ್ವೀಕರಿಸಿ. ಅದಕ್ಕೆ ಮೊದಲು ಘಟಕದವರ ಜೊತೆ ಮಾತಾಡಿ, ತೂಕದ ಮೇಲೆ ಶುಲ್ಕ ಇದ್ದರೆ ತಿಳಿದುಕೊಳ್ಳಿ.

7. ನಿಮ್ಮ ಬೀದಿಗೆ ವ್ಯವಸ್ಥೆ ಕೇಳಿ

ಒಬ್ಬರು ಕೇಳಿದರೆ ಗಾಡಿಯವರು ತಲೆ ಅಲ್ಲಾಡಿಸಿ ಹೋಗುತ್ತಾರೆ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆ ಸಂಘ, ಮಹಿಳಾ ಸಂಘ ಒಟ್ಟಾಗಿ ಒಂದು ಪತ್ರ ಬರೆಯಿರಿ. ನಗರದಲ್ಲಿ ಪಾಲಿಕೆ ಅಥವಾ ನಗರಸಭೆಯ ಆಯುಕ್ತರಿಗೆ, ಹಳ್ಳಿಯಲ್ಲಿ ಪಿಡಿಒಗೆ. ನಗರದವರು ಪತ್ರದಲ್ಲಿ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯನ್ನು ಹೆಸರಿಸಿ, ಮನೆಗಳ ಔಷಧಿ ಕಸಕ್ಕೆ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಆಗಿದೆಯೇ, ವಿಶೇಷ ಎಚ್ಚರಿಕೆಯ ಕಸದ ಸಂಗ್ರಹ ಕೇಂದ್ರ ಎಲ್ಲಿದೆ, ಎರಡೇ ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಡಿ ಹಾಕಿ.

ಅಲ್ಲಿಯ ತನಕ ಸಂಘದ ಕಚೇರಿಯಲ್ಲಿ ಬೀಗ ಇರುವ ಒಂದು ಡಬ್ಬಿ ಇಡಬಹುದು. ಆದರೆ ಅದರ ಕೀಲಿ ಯಾರ ಹತ್ತಿರ, ಡಬ್ಬಿ ತುಂಬಿದಾಗ ಯಾವ ಆಸ್ಪತ್ರೆ ಸ್ವೀಕರಿಸುತ್ತದೆ ಎಂದು ಮೊದಲೇ ತೀರ್ಮಾನವಾಗಿರಬೇಕು. ಮೂರನೇ, ನಾಲ್ಕನೇ ಗುಂಪಿನ ಔಷಧಿ ಅದಕ್ಕೆ ಹಾಕಬಾರದು ಎಂದು ಮೇಲೆ ಬರೆದು ಅಂಟಿಸಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಬ್ರಿಟನ್‌ನಲ್ಲಿ ಬೇಡದ ಔಷಧಿಯನ್ನು ಹತ್ತಿರದ ಫಾರ್ಮಸಿಗೆ ಕೊಟ್ಟರೆ ಆಯಿತು. ಆಸ್ಟ್ರೇಲಿಯಾದಲ್ಲೂ ಹಾಗೇ. ಅಮೆರಿಕದಲ್ಲಿ ಅನೇಕ ಫಾರ್ಮಸಿ, ಪೊಲೀಸ್ ಠಾಣೆಗಳಲ್ಲಿ ಸಂಗ್ರಹ ಪೆಟ್ಟಿಗೆ ಇದೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹಿಂಪಡೆಯುವ ದಿನವನ್ನೂ ಮಾಡುತ್ತಾರೆ. ಊರಿಂದ ಒಯ್ದ ಮಾತ್ರೆಗಳನ್ನೂ ಅಲ್ಲೇ ಕೊಡಿ, ರಜೆಗೆ ಬರುವಾಗ ವಾಪಸ್ ಹೊತ್ತು ತರಬೇಡಿ.